ಸೋಮವಾರ ಕಾಣೆಯಾಗುವ ಕಾವಲು

ಸತತ ನಾಲ್ಕನೆಯ ಸೋಮವಾರವೂ ಆಸ್ಪತ್ರೆಯ ಸರ್ವರ್ ಕಾವಲಿಲ್ಲದೆ ಬಿದ್ದಿತ್ತು. ಒಳಗೆ ಯಾರು ಬರಬಹುದು, ಯಾರು ಬರಕೂಡದು ಎಂದು ನಿರ್ಧರಿಸುವ ಫೈರ್‌ವಾಲಿನ ಅರವತ್ತೆರಡು ನಿಯಮಗಳಲ್ಲಿ ಒಂದೂ ಇರಲಿಲ್ಲ. ರೋಗಿಗಳ ರಕ್ತಪರೀಕ್ಷೆಯ ವರದಿಗಳೆಲ್ಲ ಬಾಗಿಲು ತೆರೆದಿಟ್ಟ ಮನೆಯಂತಾಗಿದ್ದವು.

ಸರ್ವರ್ ನೋಡಿಕೊಳ್ಳುವ ತಂತ್ರಜ್ಞನಿಗೆ ಅಪರಾಧಿ ಯಾರೆಂದು ಆಗಲೇ ಗೊತ್ತಿತ್ತು, ಅಥವಾ ಹಾಗೆಂದು ಅವನು ಬೀಗುತ್ತಿದ್ದ. ಭಾನುವಾರ ಜನರೇಟರ್ ಪರೀಕ್ಷೆಗೆಂದು ಸರ್ವರ್ ನಿಲ್ಲಿಸುತ್ತಾರೆ. ಸೋಮವಾರ ಬೆಳಿಗ್ಗೆ ಅದನ್ನು ಚಾಲೂ ಮಾಡುವವರು ಹಿರಿಯ ಆಪರೇಟರ್ ಒಬ್ಬರೇ. ಬಡ್ತಿ ತಪ್ಪಿದ ಸಿಟ್ಟೂ ಅವರಿಗಿತ್ತು. ಇನ್ನೇನು ಬೇಕು? ಹಿಂದೆಮುಂದೆ ನೋಡದೆ ದೂರು ಬರೆದುಕೊಟ್ಟ. ಇಪ್ಪತ್ತೆರಡು ವರ್ಷ ದುಡಿದ ಮನುಷ್ಯನನ್ನು ಕೆಲಸದಿಂದ ತೆಗೆಯುವ ಪತ್ರ ಮುಖ್ಯ ವೈದ್ಯರ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಸಹಿಗೆ ಮೊದಲು ವೈದ್ಯರು ಚಿಕ್ಕಮ್ಮನನ್ನು ಕರೆಸಿದರು. ಆಸ್ಪತ್ರೆಯಲ್ಲಿ ಏನೇ ಎಡವಟ್ಟಾದರೂ ಜಾಡು ಹಿಡಿಯುತ್ತಿದ್ದವಳು ಅವಳೇ. ತಂತ್ರಜ್ಞನ ತಾಯಿಯ ತಂಗಿ. ಅವನು ಕರೆಯುವುದನ್ನು ಕೇಳಿ ಕೇಳಿ ಆಸ್ಪತ್ರೆಗೆಲ್ಲ ಚಿಕ್ಕಮ್ಮನಾಗಿದ್ದಳು. ಅವಳ ಬಲಗೈ ಎಂದರೆ ಅವನೇ.

"ನಿಯಮಗಳನ್ನ ವಾಪಸ್ ಹೇಗೆ ತರ್ತೀಯ?" ಎಂದು ಕೇಳಿದಳು.

"ಫೈಲಿದೆಯಲ್ಲ ಚಿಕ್ಕಮ್ಮ. ನಾನು ಬಂದು ಲೋಡ್ ಮಾಡಿದ್ರೆ ಅಷ್ಟೂ ಕೂತ್ಕೊಳ್ಳುತ್ತೆ. ಒಂದು ತಕರಾರೂ ಇಲ್ಲ."

"ಫೈಲನ್ನ ಕೊನೇ ಸಲ ತಿದ್ದಿದ್ದು ಯಾವಾಗ?"

"ಲ್ಯಾಬಿಗೆ ಹೊಸ ಯಂತ್ರ ಬಂದಾಗ. ತಿಂಗಳಾಯ್ತು."

ಅವಳು ಹೂಂ ಎಂದು ಕೂತು, ಸರ್ವರ್ ಏಳುವಾಗ ತಾನೇ ಬರೆದಿಟ್ಟುಕೊಳ್ಳುವ ದಾಖಲೆಯನ್ನು ತೆರೆದಳು. ಓದುತ್ತ ಓದುತ್ತ ಅವಳ ಮುಖ ಸಪ್ಪಗಾಯಿತು.

"ಇದನ್ನ ನೀನು ನೋಡಿದ್ಯಾ?"

"ಹಾಜರಿ ಪುಸ್ತಕ ನೋಡ್ದೆ. ಅಷ್ಟು ಸಾಕಾಯ್ತು," ಎಂದ ಅವನು, ಮೀಸೆಯಡಿ ನಗುತ್ತ.

ಮಧ್ಯಾಹ್ನ ಎಲ್ಲರೂ ವೈದ್ಯರ ಕೋಣೆಯಲ್ಲಿ ಸೇರಿದರು. ಆಪರೇಟರ್ ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ನಿಯಮಗಳನ್ನ ಯಾರೂ ಅಳಿಸಿಲ್ಲ ಸಾರ್," ಎಂದು ಚಿಕ್ಕಮ್ಮ ಶುರುಮಾಡಿದಳು. "ಸೋಮವಾರ ಇವನು ಬರೋವರೆಗೆ ಸರ್ವರ್ ಒಳಗೆ ಬಂದವರ ಗುರುತೇ ಇಲ್ಲ. ನಮ್ಮ ಸರ್ವರ್, ಫೈಲಿನಲ್ಲಿ ಒಂದು ಸಾಲು ಒಪ್ಪಿಗೆಯಾಗದಿದ್ರೂ ಅಷ್ಟನ್ನೂ ತಿರಸ್ಕರಿಸುತ್ತೆ. ಒಪ್ಪದ್ದು ನಲವತ್ತೊಂದನೇ ಸಾಲು. ಮಿಕ್ಕ ಕಡೆ ಯಂತ್ರಗಳ ವಿಳಾಸ ಅಂಕಿಯಲ್ಲಿದೆ, ಅಲ್ಲಿ ಮಾತ್ರ ಲ್ಯಾಬ್ ಯಂತ್ರದ ಹೆಸರಿದೆ. ಆ ಹೆಸರಿನ ಅಂಕಿ ಯಾವುದು ಅಂತ ನೆಟ್‌ವರ್ಕಿನಲ್ಲಿ ವಿಚಾರಿಸ್ಬೇಕು. ಆದ್ರೆ ಸರ್ವರ್ ಏಳುವಾಗ ಮೊದಲು ಕಾವಲು, ಆಮೇಲೆ ನೆಟ್‌ವರ್ಕ್. ವಿಚಾರಿಸೋಕೆ ದಾರಿಯೇ ಇರಲ್ಲ."

"ಹಾಗಾದ್ರೆ ಇವನು ಲೋಡ್ ಮಾಡಿದಾಗ ಹೇಗೆ ಸರಿಹೋಗುತ್ತೆ?" ವೈದ್ಯರು ಕೇಳಿದರು.

"ಅಷ್ಟೊತ್ತಿಗೆ ನೆಟ್‌ವರ್ಕ್ ಎದ್ದಿರುತ್ತೆ. ಅಂಕಿ ಸಿಗುತ್ತೆ. ಅದಕ್ಕೇ ತಪ್ಪು ಬೇರೆಯವರದ್ದು ಅನ್ನಿಸಿದ್ದು."

"ಆ ಸಾಲು ಬರೆದಿದ್ದು ಯಾರು?"

ಚಿಕ್ಕಮ್ಮ ತಂತ್ರಜ್ಞನ ಕಡೆ ನೋಡಿದಳು. ಹೊಸ ಯಂತ್ರದ ಅಂಕಿ ನೋಡಲು ಎರಡು ಮಹಡಿ ಹತ್ತಬೇಕಿತ್ತು. ಸೋಮಾರಿತನದಿಂದ ಅವನು ಬರೀ ಹೆಸರು ಬರೆದು ಕೈತೊಳೆದುಕೊಂಡಿದ್ದ. ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಎನಿಸಿತು.

"ನಾನೇ," ಎಂದ.

ವೈದ್ಯರು ಪತ್ರವನ್ನು ಹರಿದು ಹಾಕಿದರು. ತಂತ್ರಜ್ಞ ಆಪರೇಟರ್ ಕಡೆ ತಿರುಗಿದ. "ತಪ್ಪಾಯ್ತು. ದೂರು ಕೊಡೋಕೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

ಆಪರೇಟರ್ ಎದ್ದು ನಿಂತರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಕೇಳೋದೇನು ಬಂತು ಸಾರ್. ಮೊದಲನೇ ಸೋಮವಾರವೇ ನಾನು ಹೇಳೋಕೆ ಬಂದಿದ್ದೆ, ಪರದೆ ಮೇಲೆ ನಲವತ್ತೊಂದನೇ ಸಾಲು ಅಂತ ಏನೋ ಬರ್ತಿದೆ ಅಂತ. 'ಸ್ವಿಚ್ ಹಾಕೋದಷ್ಟೇ ನಿಮ್ಮ ಕೆಲಸ' ಅಂದ್ರಿ. ಅದಕ್ಕೇ ಚೀಟಿಯಲ್ಲಿ ಬರೆದು ನಿಮ್ಮ ಮೇಜಿನ ಮೇಲಿಟ್ಟೆ."

ಅವನಿಗೆ ನೆನಪಾಯಿತು. ಆ ಚೀಟಿಯನ್ನು ಓದದೆ ನಾಲ್ಕು ಮಡಿಕೆ ಮಾಡಿ, ಅಲ್ಲಾಡುತ್ತಿದ್ದ ಮೇಜಿನ ಕಾಲಡಿಗೆ ತುರುಕಿದ್ದ. ದೂರು ಬರೆದದ್ದೂ ಅದೇ ಮೇಜಿನ ಮೇಲೆ. ಅಕ್ಷರ ಒಂಚೂರೂ ಅಲುಗಿರಲಿಲ್ಲ.