ಗುರುತು ಹಿಡಿದರೆ ನಿನ್ನದೇ

"ಕೂಸಿನ ಕಣ್ಣಿಗಿ ಬಟ್ಟಿ ಕಟ್ಟಿ ಏನ್ ಮಾಡಾಕತ್ತೀರಿ ನೀವು?"

ಬಾಗಿಲಲ್ಲಿ ನಿಂತವನ ದನಿಗೆ ಮಾಯಾ ಬೆಚ್ಚಿದಳು. ಕೈಯಲ್ಲಿದ್ದ ಕಾಳು ಚಾಪೆಯ ಮೇಲೆ ಚೆಲ್ಲಿದವು.

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿ. ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಬಷೀರುನ್ನೀಸಾ ಖಾಲಾ ಅವರ ಮನೆಯ ಪಡಸಾಲೆಯನ್ನು ಬಾಡಿಗೆಗೆ ಹಿಡಿದು, ಮಾಯಾ ಓಣಿಯ ಚಿಕ್ಕ ಮಕ್ಕಳಿಗೆ ಆಟ ಆಡಿಸುತ್ತಿದ್ದಳು. ಅಲ್ಲಿ ಪಾಟಿಯೂ ಇರಲಿಲ್ಲ, ಛಡಿಯೂ ಇರಲಿಲ್ಲ. ಅಡುಗೆಮನೆಯ ಬಟ್ಟಲು, ಚಮಚ, ನೀರು, ಮಣ್ಣು... ಮನೆಯಲ್ಲಿ ಏನಿದೆಯೋ ಅದೇ ಪಾಠ.

ಅಂದು ಮಕ್ಕಳ ನಡುವೆ ಒಂದು ಹಳೆಯ ಮೊರ ಇತ್ತು. ಮೊರದಲ್ಲಿ ತೊಗರಿ, ಕಡಲೆ, ಹೆಸರು, ಜೋಳ ಎಲ್ಲವೂ ಬೆರೆತಿದ್ದವು. ಕಣ್ಣು ಕಟ್ಟಿಸಿಕೊಂಡ ಮಗುವಿನ ಅಂಗೈಗೆ ಮಾಯಾ ಒಂದು ಕಾಳು ಇಡುವಳು. ಬೆರಳಲ್ಲಿ ಸವರಿ ಹೆಸರು ಹೇಳಬೇಕು. ಸರಿ ಹೇಳಿದರೆ ಆ ಕಾಳು ಆ ಮಗುವಿನದೇ, ಮತ್ತೆ ಯಾರೂ ಕಸಿಯುವಂತಿಲ್ಲ. ಆಟಕ್ಕೆ ಇದ್ದದ್ದು ಅದೊಂದೇ ಕಾನೂನು. ಆಟ ಮುಗಿದ ಮೇಲೆ ಉಳಿದ ಕಾಳನ್ನು ಬೇರೆ ಬೇರೆ ಬಟ್ಟಲಿಗೆ ಆರಿಸಿ ಹಾಕಬೇಕು.

"ಕಾಕಾ..." ಎನ್ನುತ್ತ ನಾಲ್ಕು ವರ್ಷದ ಸುಜಾತಾ ಕಣ್ಣಿನ ಮೇಲಿದ್ದ ಓಢಣಿ ಸರಿಸಿದಳು. ದಿನವೂ ಕರೆದೊಯ್ಯಲು ಬರುತ್ತಿದ್ದ ತಾಯಿಯ ಬದಲು ಅಂದು ಅವಳ ಚಿಕ್ಕಪ್ಪ ಬಂದಿದ್ದ. ಹೆಸರು ವಿಶ್ವಾಸ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನು ಮಾಯಾಳ ಮುಖ ನೋಡಲೇ ಇಲ್ಲ. ಅವನ ಕಣ್ಣು ನೆಟ್ಟಿದ್ದು ಮೊರದ ಮೇಲೆ, ಕಾಳು ಕೆದಕುತ್ತಿದ್ದ ಮಕ್ಕಳ ಪುಟ್ಟ ಬೆರಳುಗಳ ಮೇಲೆ.

"ಬ್ಯಾಳಿ ಹಸನ ಮಾಡೂದು ಕಲೀಲಿ ಅಂತ ನಿಮ್ಮ ಬಲ್ಲಿ ಕಳಸಿಲ್ಲರೀ ನಾವು. ನಮ್ಮ ಮನ್ಯಾಗ ಆ ಕೆಲಸಾ ಮಾಡಿದ್ದು ಸಾಕಾಗ್ಯದ."

"ಇದು ಆಟಾ ರೀ..."

"ಆಟಾ ಆಡಾಕ ಊರಾಗ ಗೊಂಬಿ ಇಲ್ಲೇನು?"

ಮಗುವನ್ನು ಎತ್ತಿಕೊಂಡು ಅವನು ನಡೆದುಬಿಟ್ಟ. ಅವನ ಹೆಗಲ ಮೇಲಿಂದ ಸುಜಾತಾ ಹಿಂತಿರುಗಿ ಮುಷ್ಟಿ ಬಿಚ್ಚಿ ತೋರಿಸಿದಳು. ಅಂಗೈಯಲ್ಲಿ ಗೆದ್ದ ಕಡಲೆಕಾಳು ಒಂದು.

'ಎಂಥ ಸೊಕ್ಕು... ಕೇಳುವ ತಾಳ್ಮೆಯೂ ಇಲ್ಲವಲ್ಲ ಈ ಮನುಷ್ಯನಿಗೆ.' ಮಾಯಾಳ ಕಣ್ಣು ತುಂಬಿ ಬಂದವು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ವಿಶ್ವಾಸ ಆಡಿದ ಮಾತು ಓಣಿಯ ಕೊನೆ ಮುಟ್ಟಲು ಸಂಜೆಯಾಗಬೇಕಾಗಲಿಲ್ಲ. ಆಟದ ನೆಪದಲ್ಲಿ ಮಕ್ಕಳ ಕೈಯಿಂದ ಬೇಳೆ ಹಸನ ಮಾಡಿಸುತ್ತಾಳಂತೆ ಎಂದು ನಲ್ಲಿಯ ಹತ್ತಿರ ಹೆಂಗಸರು ಆಡಿಕೊಂಡರು. ಮರುದಿನ ಚಾಪೆ ಅರ್ಧ ಖಾಲಿ.

ತಮ್ಮ ಮೊಮ್ಮಗಳು ಮುಸ್ಕಾನ್‌ಳನ್ನು ಚಾಪೆಯ ನಟ್ಟನಡುವೆ ಕೂರಿಸುತ್ತ ಖಾಲಾ ಹೇಳಿದರು, "ಮಂದಿ ಬಾಯಿಗಿ ತಾಳಾ ಹಾಕಾಕ ಬರ್ತದೇನು ಬೇಟಾ? ನೀ ಆಡಸು. ನಮ್ಮಾಕಿ ಒಬ್ಬಾಕೇ ಹತ್ತು ಮಂದಿ ಗದ್ದಲಾ ಮಾಡ್ತಾಳ."

ಅದಾದ ಮೊದಲ ಸೋಮವಾರ, ಶರಣಬಸಪ್ಪನ ದರ್ಶನ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡ ಮುದುಕಿಯೊಬ್ಬಳು ಸುಜಾತಾಳ ಕೈ ಹಿಡಿದು ಬಾಗಿಲಿಗೆ ಬಂದಳು. ಬಂಡೆಮ್ಮ, ವಿಶ್ವಾಸನ ತಾಯಿ. ಮೊಮ್ಮಗಳು ಹಟ ಹಿಡಿದು, ಮನೆಯಲ್ಲಿ ಅಜ್ಜಿಯ ಕಣ್ಣಿಗೇ ಸೆರಗು ಕಟ್ಟಿ ಕಾಳು ಗುರುತಿಸು ಎಂದಿದ್ದಳಂತೆ. ಎಷ್ಟೋ ವರ್ಷಗಳ ಮೇಲೆ ಬಂಡೆಮ್ಮ ಹೊಟ್ಟೆ ತುಂಬ ನಕ್ಕಿದ್ದಳಂತೆ.

ಆಮೇಲೆ ಆ ತಾಯಿ ಚಾಪೆಯ ಅಂಚಿನಲ್ಲಿ ಕುಳಿತು, ಯಾರ ಮೇಲೂ ದೂರಿಲ್ಲದ ದನಿಯಲ್ಲಿ ತನ್ನ ಕಥೆ ಹೇಳಿದಳು. ಗಂಡ ತೀರಿಕೊಂಡ ಮೇಲೆ ಅವಳು ದಾಲ್ ಮಿಲ್ಲಿನಲ್ಲಿ ಬೇಳೆ ಹಸನ ಮಾಡಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದ್ದಳು. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಸಣ್ಣವನಾದ ವಿಶ್ವಾಸ ಬಿಸಿಲಲ್ಲಿ ಗೇಟಿನ ಸರಳು ಹಿಡಿದು ನಿಲ್ಲುತ್ತಿದ್ದ. ಶಾಲೆಯಲ್ಲಿ ಹುಡುಗರು ಬ್ಯಾಳಿ ಹಸನ ಮಾಡಾಕಿ ಮಗಾ ಎಂದು ಕರೆದು ಅಳಿಸಿದ್ದರು. ಕೆಲಸ ಸಿಕ್ಕ ದಿನವೇ ಅವನು ಮನೆಯ ಮೊರವನ್ನು ಒಲೆಗೆ ಹಾಕಿ ಸುಟ್ಟಿದ್ದ.

"ಕೆಲಸಕ್ಕ ನಾ ಎಂದೂ ನಾಚಿಲ್ಲ ತಂಗಿ. ಆದ್ರ ಆ ಗೇಟು ನನ್ನ ಮಗನ ಎದ್ಯಾಗ ಇನ್ನಾ ಹಂಗೇ ನಿಂತದ."

ಮಾಯಾಳ ಸಿಟ್ಟು ಎಲ್ಲಿ ಕರಗಿತೋ... 'ನನ್ನವ್ವನೂ...' ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯಿತು. ಎದುರಿಗೆ ಕುಳಿತವಳ ನೋವಿನ ಪಕ್ಕದಲ್ಲಿ ತನ್ನದನ್ನು ಯಾಕೆ ತಂದಿಡಲಿ ಎಂದುಕೊಂಡಳು.

ಸ್ವಲ್ಪ ದಿನಕ್ಕೆ ಹೊಸ್ತಿಲ ಮೇಲೆ ಒಂದು ಕೈಚೀಲ ಕಂಡಿತು. ಒಳಗೆ ಹಳೆಯ ಬಸ್ಸುಗಳ ನಟ್ಟು, ಬೋಲ್ಟು! ಒಂದರಲ್ಲೂ ಗ್ರೀಸಿನ ಕಲೆ ಇರಲಿಲ್ಲ. ಅಂಚುಗಳನ್ನು ಕೈಗೆ ತಾಗದಂತೆ ಉಜ್ಜಲಾಗಿತ್ತು. ಮಕ್ಕಳು ಬಾಯಿಗೆ ಹಾಕಿಕೊಂಡಾರೆಂದು ದೊಡ್ಡವನ್ನೇ ಆರಿಸಲಾಗಿತ್ತು.

"ಕಾಕಾ ಸಾಬಾಣ ಹಚ್ಚಿ ತೊಳದಾನ. ಅಜ್ಜಿ ನಕ್ಕಾಳ," ಸುಜಾತಾ ಗುಟ್ಟು ಒಡೆದಳು.

ಅಂದಿನಿಂದ ಯಾವ ನಟ್ಟು ಯಾವ ಬೋಲ್ಟಿಗೆ ಎಂದು ಹುಡುಕಿ ತಿರುಗಿಸುವುದೇ ಮಕ್ಕಳಿಗೆ ಹಬ್ಬವಾಯಿತು. ಓಣಿಯ ತಾಯಂದಿರು ಒಬ್ಬೊಬ್ಬರಾಗಿ ಇಣುಕಿದರು, ಒಬ್ಬೊಬ್ಬರಾಗಿ ಮಕ್ಕಳನ್ನು ಕಳಿಸಿದರು. ಸುಜಾತಾಳನ್ನು ಕರೆದೊಯ್ಯುವ ಕೆಲಸ ಅದು ಹೇಗೋ ವಿಶ್ವಾಸನದೇ ಆಯಿತು. ಮೊದಮೊದಲು ಹೊಸ್ತಿಲ ಹೊರಗೆ ನಿಂತ. ಆಮೇಲೆ ಹೊಸ್ತಿಲ ಮೇಲೆ ಕುಳಿತ. ಒಂದು ದಿನ ಮಕ್ಕಳ ನಡುವೆ ಕುಳಿತು ಬಾಯಿಂದಲೇ ಬಸ್ಸಿನ ಸದ್ದು ಹೊರಡಿಸಿದ. ಏರು ಹತ್ತುವ ಬಸ್ಸು ಯಾವುದು, ನಿಲ್ಲುವ ಬಸ್ಸು ಯಾವುದು ಎಂದು ಕಿವಿಯಿಂದಲೇ ಗುರುತಿಸುವ ಆಟ ಅದು. ಮಾಯಾ ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಂದಿನ ಮಾತಿಗೆ ಅವನು ತಪ್ಪಾಯಿತು ಎನ್ನಲಿಲ್ಲ. ಅವಳೂ ಕೇಳಲಿಲ್ಲ. ಅವನ ಚಪ್ಪಲಿಯ ಸಪ್ಪಳ ಕೇಳಿದ ಕೂಡಲೇ ಮೊರವನ್ನು ಬಾಗಿಲ ಹಿಂದೆ ಸರಿಸುವುದು ಮಾತ್ರ ಅವಳಿಗೆ ರೂಢಿಯಾಯಿತು. ಹಳೆಯ ಗಾಯಕ್ಕೆ ಮತ್ತೆ ಯಾಕೆ ಬೆರಳು ತಾಗಿಸಲಿ?

ಅವನ ನೋವನ್ನು ಕಾಯಲೆಂದು ಅವಳು ಮೊರ ಮರೆಮಾಡಿದಳು. ಅವಳು ಅದನ್ನು ಎಸೆದೇಬಿಟ್ಟಳೆಂದು ಅವನು ತಿಳಿದ. ನೋಡಿ, ಪ್ರೀತಿ ಇದ್ದಲ್ಲಿಯೂ ಹೀಗೆ ಒಂದು ಮರೆ ಉಳಿದುಬಿಡುತ್ತದೆ!

ಶ್ರಾವಣದ ಒಂದು ಸೋಮವಾರ, ದೇವಸ್ಥಾನದ ಪಕ್ಕದ ಕೆರೆಯ ದಂಡೆಯಲ್ಲಿ ಮಾಯಾಳ ಪಕ್ಕ ನಿಂತ ವಿಶ್ವಾಸ ನೀರಿಗೊಂದು ಹರಳು ಎಸೆದ.

"ನಮ್ಮವ್ವ ನಿಮಗ ಸೊಸಿ ಅಂತ ಕರಿಯಾಕತ್ತಾಳ್ರಿ."

ಮಾಯಾ ಅವನತ್ತ ತಿರುಗಿದಳು. "ಮತ್ತ ನೀವು?"

"ನಾ ಮನಸಿನ್ಯಾಗ ಕರದು ಭಾಳ ದಿನಾ ಆತು."

ಗುಡಿಯ ಗಂಟೆ ಮೊಳಗಿತು. ಆ ಕ್ಷಣದಲ್ಲಿ ಅವಳು ಬೇಡಿಕೊಳ್ಳಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಅವನು ಹಗುರವಾಗಿ ಇನ್ನೊಂದು ಮಾತು ಸೇರಿಸಿದ. "ಆ ಮೊರಾ ಎಲ್ಲೆರೆ ಇನ್ನಾ ಇದ್ರ, ಅಲ್ಲೇ ಬಿಟ್ಟು ಬರ್ರಿ. ನಿಮಗ ಎಷ್ಟು ಬೇಕೋ ಅಷ್ಟು ಹೊಸಾ ಆಟದ ಸಾಮಾನು ನಾ ತರ್ತೀನಿ. ನಮ್ಮ ಮನ್ಯಾಗ ಅದು ಬ್ಯಾಡ."

ಮಾಯಾಳ ಕಣ್ಣ ಮುಂದೆ ಅವಳ ಅವ್ವ ಬಂದು ನಿಂತಳು. ಇನ್ನೊಂದು ದಾಲ್ ಮಿಲ್ಲು, ಅದರ ಅಂಗಳದಲ್ಲಿ ಅದೇ ಮೊರ. ಅವ್ವನ ಬಳಿ ಗೊಂಬೆ ಕೊಡಿಸಲು ಏನೂ ಇರಲಿಲ್ಲ. ಆದರೆ ಅಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಯಾರೂ ಬೇಡವೆನ್ನುತ್ತಿರಲಿಲ್ಲ. ಕೈ ಬಿಡುವಾದಾಗ ಅವ್ವ ಮಗಳ ಕಣ್ಣು ಮುಚ್ಚಿ, ಅಂಗೈಗೆ ಕಾಳು ಇಟ್ಟು, ಗುರುತು ಹಿಡದ್ರ ನಿಂದಾ ಎನ್ನುತ್ತಿದ್ದಳು. ಗೆದ್ದ ಕಾಳೆಲ್ಲ ಸಂಜೆ ಗುಗ್ಗರಿಯಾಗುತ್ತಿತ್ತು. ಅವ್ವ ಹೋದಳು. ಮೊರ ಉಳಿಯಿತು.

ಇದನ್ನೆಲ್ಲ ಹೇಳಬಹುದಿತ್ತು.

"ಬಿಟ್ಟು ಬರೂ ಸಾಮಾನಲ್ಲರೀ ಅದು," ಎಂದಷ್ಟೇ ಹೇಳಿ ನಡೆದುಬಿಟ್ಟಳು.

ಮರುದಿನ ಖಾಲಾಗೆ ಮಾತ್ರ ಅವ್ವನ ಕಥೆ ಹೇಳಿ, ಮೊರವನ್ನು ಓಢಣಿಯಲ್ಲಿ ಸುತ್ತಿಕೊಂಡು ಮಾಯಾ ತನ್ನೂರು ಕಮಲಾಪುರದ ಬಸ್ಸು ಹತ್ತಿದಳು. ಅಪ್ಪ ಮಾಪಣ್ಣ ಯಾಕೆ ಬಂದೆ ಎಂದು ಕೇಳಲಿಲ್ಲ. ಹಿತ್ತಲಿನ ಕೆಂಪು ಬಾಳೆಯ ಗೊನೆಯಿಂದ ಒಂದು ಹಣ್ಣು ಮುರಿದು ಕೈಗಿಟ್ಟು, ಕೈಕಾಲು ತೊಳೆದುಕೋ ಎಂದ.

ದಿನಗಳು ಉರುಳಿದವು. ಮಗ್ಗುಲ ಮನೆಯ ಮಕ್ಕಳು ಇಲ್ಲಿಯೂ ಅವಳ ಸುತ್ತ ನೆರೆದರು. ಆಟ ಆಡಿಸುವಾಗ ಕೈ ನಡೆಯುತ್ತಿತ್ತು, ಕಿವಿ ಮಾತ್ರ ದಾರಿಯ ಬಸ್ಸಿನ ಸದ್ದಿಗೆ ಓಡುತ್ತಿತ್ತು. 'ಅವರಿಗೆ ಗೊತ್ತಿರಲಿಲ್ಲ. ನಾನಾದರೂ ಹೇಳಿದೆನೇ? ಮೊರ ಮುಚ್ಚಿಟ್ಟವಳು ನಾನೇ ಅಲ್ಲವೇ...'

ಒಂದು ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಪರಿಚಿತ ಕಾಲ್ಗೆಜ್ಜೆ ಕೇಳಿತು. ಸುಜಾತಾ ಓಡಿ ಬಂದು ಮಾಯಾಳ ಕೊರಳಿಗೆ ಜೋತುಬಿದ್ದಳು. ಹಿಂದೆ ಬಂಡೆಮ್ಮ, ಅವಳ ಹಿಂದೆ ತಲೆ ತಗ್ಗಿಸಿದ ವಿಶ್ವಾಸ. ಬಂಡೆಮ್ಮ ಸೀದಾ ಹೋಗಿ ಮಾಪಣ್ಣನ ಕಟ್ಟೆಯ ಮೇಲೆ ಕುಳಿತು, ಎಷ್ಟೋ ಕಾಲದ ಬೀಗರಂತೆ ಮಳೆ ಬೆಳೆ ವಿಚಾರಿಸತೊಡಗಿದಳು.

ವಿಶ್ವಾಸ ಮೊರದ ಮುಂದೆ ಬಂದು ನೆಲದ ಮೇಲೆ ಕುಳಿತ.

"ಖಾಲಾ ಎಲ್ಲಾ ಹೇಳ್ಯಾರ. ಇದು ನಿಮ್ಮವ್ವಂದು ಅಂತ." ಅವನ ದನಿ ಒಡೆದಿತ್ತು. "ನನ್ನ ಕಣ್ಣ ಕಟ್ಟರಿ."

ಮಾಯಾ ಏಳುವ ಮೊದಲೇ ಸುಜಾತಾಳೇ ಓಢಣಿ ಎಳೆದು ಕಾಕಾನ ಕಣ್ಣಿಗೆ ಸುತ್ತಿದಳು. ಮಾಯಾ ಒಂದು ಕಾಳು ತೆಗೆದು ಅವನ ಅಂಗೈಗೆ ಇಟ್ಟಳು. ಬೋಲ್ಟು ತಿರುಗಿಸಿ ಒರಟಾದ ಬೆರಳು ಅದನ್ನು ಮೆಲ್ಲಗೆ ಸವರಿತು.

"ತೊಗರಿ."

ಇನ್ನೊಂದು.

"ಹೆಸರು."

ಮತ್ತೊಂದನ್ನು ಅವನು ಸವರಲಿಲ್ಲ. ಅಂಗೈಯನ್ನು ಮೂಗಿನ ಹತ್ತಿರ ಹಿಡಿದ. ಕಟ್ಟಿದ ಬಟ್ಟೆಯ ಕೆಳಗಿನಿಂದ ಕಣ್ಣೀರು ಇಳಿಯಿತು.

"ನಮ್ಮವ್ವನ ಕೈ ಇದೇ ವಾಸನಿ ಬರ್ತಿತ್ತು. ಸಂಜಿಗಿ ಹೊರಗ ಬಂದು ನನ್ನ ಕೈ ಹಿಡಕೊಂಡು ಮನಿತನಕಾ ಹಾಡು ಹೇಳ್ಕೋತ ಕರಕೊಂಡು ಹೋಗ್ತಿದ್ಳು. ನಾ ಗೇಟು ನೆನಪಿಟ್ಟೆ ಮಾಯಾ. ಕೈ ಮರತುಬಿಟ್ಟೆ."

ಕಟ್ಟೆಯ ಮೇಲೆ ಬಂಡೆಮ್ಮನ ಮಾತು ನಿಂತಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಶರಣಬಸಪ್ಪನನ್ನು ನೆನೆದಳು.

ಮಾಯಾ ಮೊರದಿಂದ ಮತ್ತೆ ಕಾಳು ತೆಗೆಯಲಿಲ್ಲ. ಚಾಚಿದ್ದ ಆ ಅಂಗೈಯಲ್ಲಿ ತನ್ನ ಕೈಯನ್ನೇ ಇಟ್ಟಳು.

ಅವನ ಬೆರಳು ಒಮ್ಮೆ ತಡೆದು, ಆಮೇಲೆ ಮೆಲ್ಲಗೆ ಮುಚ್ಚಿಕೊಂಡಿತು.

"ಹೇಳು ಕಾಕಾ," ಸುಜಾತಾ ಅವಸರ ಮಾಡಿದಳು. "ಗುರುತು ಹಿಡದ್ರ ನಿಂದಾ. ಯಾರೂ ಕಸಗೊಳ್ಳೂ ಹಂಗಿಲ್ಲ."

"ಇದು..." ಅವನು ಉಸಿರು ಎಳೆದುಕೊಂಡ. "ಇದು ನನ್ನ ಮಾಯಾನ ಕೈ."

"ಖರೇ ಅದೇನ್ರಿ ಟೀಚರ್?" ಎಂದು ಸುಜಾತಾ ನ್ಯಾಯ ಕೇಳಿದಳು.

"ಖರೇ ಅದ," ಎಂದಳು ಮಾಯಾ. ಅಳುವೂ ನಗುವೂ ಒಟ್ಟಿಗೇ ಬಂದವು.

"ಮೊರಾ ಮೊದಲ ನಮ್ಮ ಮನಿ ಒಳಗ ಬರ್ಲಿ," ವಿಶ್ವಾಸ ಮೆಲ್ಲಗೆ ಹೇಳಿದ. "ಅದರ ಹಿಂದ ನೀವು ಬರ್ರಿ."

"ನಾ ಯಾಕ ಹಿಂದ?"

"ಅದು ನಿಮ್ಮವ್ವಂದು, ನನ್ನ ಅತ್ತೀದು ಅಲ್ಲೇನ್ರಿ, ದೊಡ್ಡಾಕಿ."

ಮಾಯಾ ಇನ್ನೊಂದು ಕೈಯಿಂದ ಅವನ ಕೆನ್ನೆಯ ಹನಿಯನ್ನು ಒರೆಸಿದಳು.

"ಕಣ್ಣ ಬಿಚ್ಚಲೇನು?" ಅವನು ಕೇಳಿದ.

"ಬಿಚ್ಚರಿ. ಕೈ ಮಾತ್ರ ಬಿಡಬ್ಯಾಡ್ರಿ."