ಒಂದೇ ಮನೆಯಲ್ಲಿ ಇಬ್ಬರಿದ್ದರೆ ರಿಯಾಯಿತಿ

"ಈ ಪಾತ್ರೆಯನ್ನ ಒಳಗಿಡಿ, ದಯವಿಟ್ಟು."

ಮಾರ್ಲಿಸ್ ಟೋರ್ಗೆಸನ್ ತಿರುಗಿ ನೋಡಿದಳು. ಅವಳ ಕೈಯಲ್ಲಿ ಹಬೆಯಾಡುವ ಹಾಟ್‌ಡಿಶ್ ಇತ್ತು: ತಳದಲ್ಲಿ ದನದ ಕೈಮಾ, ನಡುವೆ ಅಣಬೆಯ ಗಸಿ, ಮೇಲೆ ಹೊಂಬಣ್ಣಕ್ಕೆ ಬೆಂದ ಆಲೂಗಡ್ಡೆಯ ಪುಟ್ಟ ಉಂಡೆಗಳು. ಎದುರಿಗೆ ಬೂದು ಕೋಟಿನ ಎತ್ತರದ ಮನುಷ್ಯ. ವಿಮಾ ಏಜೆಂಟ್ ರೂಬೆನ್ ಹೈನ್ಲೆ.

ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಅರವತ್ತು ದಾಟಿದವರೆಲ್ಲ ಕುರ್ಚಿ ಎಳೆದುಕೊಂಡು ಕೂತಿದ್ದರು. ಆರೋಗ್ಯ ವಿಮೆಯ ಬಗ್ಗೆ ಮಾತು ಕೇಳಲು ಬಂದವರು. ಅಂದರೆ, ಹಾಟ್‌ಡಿಶ್ ತಿನ್ನಲು ಬಂದವರು.

"ಯಾಕೆ, ವಾಸನೆ ಹಿಡಿಸಲಿಲ್ವಾ?"

"ಅದೇ ತೊಂದರೆ, ಹಿಡಿಸ್ತು. ಆದರೆ ಏಜೆಂಟ್ ಮಾತಾಡೋ ಕಡೆ ಊಟ ಹಾಕೋ ಹಾಗಿಲ್ಲ. ಬಿಸ್ಕತ್ತು, ಕಾಫಿ ಪರವಾಗಿಲ್ಲ. ಊಟ ಹಾಕಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ."

"ನಾನು ಜೀವಮಾನವಿಡೀ ಶಾಲೆ ಮಕ್ಕಳಿಗೆ ಅಡುಗೆ ಮಾಡಿದವಳು, ಮಿಸ್ಟರ್ ಹೈನ್ಲೆ. ಮೂಗು ಮುರಿದವರನ್ನ ನೋಡಿದೀನಿ. ಕಾನೂನು ಹೇಳಿ ಪಾತ್ರೆ ವಾಪಸ್ ಕಳಿಸಿದವರನ್ನ ಇವತ್ತೇ ನೋಡಿದ್ದು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ರೂಬೆನ್‌ನ ಕಿವಿ ಕೆಂಪಾಯಿತು. ಆದರೂ ಆತ ಪಾತ್ರೆ ಒಳಗೆ ಹೋಗುವವರೆಗೆ ಭಾಷಣ ಶುರುಮಾಡಲಿಲ್ಲ.

ಎಂಥ ಮನುಷ್ಯನಪ್ಪಾ ಇವನು... ಎಂದುಕೊಂಡಳು ಮಾರ್ಲಿಸ್. ಆದರೆ ಅಡುಗೆಮನೆಯ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಅವನ ಮಾತು ಅವಳಿಗೂ ಬೇಕಿತ್ತು.

ಅವಳಿಗೆ ವಸಂತದಲ್ಲಿ ಅರವತ್ತೈದು ತುಂಬಿತ್ತು. ಸರ್ಕಾರ ಹಿರಿಯರಿಗೆ ಕೊಡುವ ಆರೋಗ್ಯ ವಿಮೆ ಮೆಡಿಕೇರ್ ಕೈಗೆ ಬಂದಿತ್ತು. ಮೆಡಿಕೇರ್ ಕೊಡದೆ ಬಿಡುವ ಪಾಲನ್ನು ಭರಿಸಲು ಪೂರಕ ವಿಮೆಯೊಂದನ್ನು ಆರಿಸಬೇಕಿತ್ತು. ಅಕ್ಟೋಬರ್ ಮುಗಿಯುವುದರೊಳಗೆ.

ಅವಳ ಅಕ್ಕ ಕೊರಿನ್‌ಗೆ ಇದೆಲ್ಲ ಬೇಡದ ತಲೆನೋವು.

"ಕಂತೇ ಇಲ್ಲದ ಪ್ಲಾನ್ ಇದೆ ಕಣೇ. ಹಲ್ಲು ಫ್ರೀ, ಕನ್ನಡಕ ಫ್ರೀ, ಜಿಮ್ ಕೂಡ ಫ್ರೀ."

"ಜಿಮ್ಮಿಗೆ ನೀನು ಎಷ್ಟು ಸಲ ಹೋಗಿದೀಯ?"

"ಹೋಗಬಹುದು ಅನ್ನೋದೇ ಒಂದು ಆರೋಗ್ಯ."

ಮಾರ್ಲಿಸ್ ನಗಲಿಲ್ಲ. ಅವಳ ಗಂಡ ಆರ್ವಿನ್‌ನದೂ ಅಂಥದೇ ಪ್ಲಾನ್ ಆಗಿತ್ತು. ಒಂದೊಂದು ಪರೀಕ್ಷೆಗೂ ಕಂಪನಿಯ ಅನುಮತಿ ಬೇಕು. ಅವನ ಕೊನೆಯ ಚಳಿಗಾಲವನ್ನು ಅವಳು ಅವನ ಹಾಸಿಗೆಯ ಪಕ್ಕದಲ್ಲಿ ಕಳೆಯಲಿಲ್ಲ. ಫೋನಿನಲ್ಲಿ ಕಾಯುವವರಿಗೆ ಹಾಕುವ ಸಂಗೀತ ಕೇಳುತ್ತಾ ಹಜಾರದಲ್ಲಿ ಕಳೆದಳು. ಅನುಮತಿ ಬಂತು. ಅಷ್ಟರಲ್ಲಿ ಆರ್ವಿನ್ ಇರಲಿಲ್ಲ.

ಅವಳು ಯಾರಿಗೂ ಹೇಳದ ಇನ್ನೊಂದು ಸಂಗತಿಯೂ ಇತ್ತು. ಬೇಸಿಗೆಯಿಂದ ಅವಳ ಎದೆ ಆಗಾಗ ತಾಳ ತಪ್ಪುತ್ತಿತ್ತು.

ಅವಳೇ ಏಜೆಂಟನನ್ನು ಮನೆಗೆ ಕರೆದಳು. ರೂಬೆನ್ ಬಂದ. ಬೂಟು ಬಿಚ್ಚಿ ಬಾಗಿಲ ಬಳಿ ಜೋಡಿಸಿಟ್ಟ. ಊಟ ಬೇಡ ಎಂದ, ಕಾಫಿ ಕುಡಿದ.

"ಮೆಡಿಕೇರ್ ಐದರಲ್ಲಿ ನಾಲ್ಕು ಪಾಲು ಕೊಡುತ್ತೆ ಅನ್ಕೊಳ್ಳಿ. ಉಳಿದ ಒಂದು ಪಾಲು ನಿಮ್ಮ ತಲೆ ಮೇಲೆ, ಅದಕ್ಕೆ ಮಿತಿನೇ ಇಲ್ಲ. ಪೂರಕ ವಿಮೆ ಅದನ್ನ ಭರಿಸುತ್ತೆ. ಕಂತು ಕಟ್ಟಬೇಕು, ನಿಜ. ಆದರೆ ಮೆಡಿಕೇರ್ ಒಪ್ಪೋ ಯಾವ ಡಾಕ್ಟರ್ ಹತ್ರ ಬೇಕಾದ್ರೂ ಹೋಗಬಹುದು. ಕಂಪನಿಗೆ ಫೋನ್ ಮಾಡಿ ಅನುಮತಿ ಬೇಡಬೇಕಾಗಿಲ್ಲ."

'ಬೇಡಬೇಕಾಗಿಲ್ಲ' ಎಂಬ ಮಾತಿಗೆ ಅವಳ ಕಣ್ಣು ತುಂಬಿತು. ಆತ ತಲೆ ಬಗ್ಗಿಸಿ ಕಾಫಿಗೆ ಸಕ್ಕರೆ ಹಾಕಿಕೊಂಡ. ಆಗಲೇ ಒಮ್ಮೆ ಹಾಕಿಕೊಂಡಿದ್ದ.

"ಅಕ್ಟೋಬರೇ ಯಾಕೆ?"

"ಮೆಡಿಕೇರ್ ಶುರುವಾದ ಮೊದಲ ಆರು ತಿಂಗಳು ಯಾವ ಕಂಪನಿನೂ ನಿಮ್ಮ ಕಾಯಿಲೆ ನೋಡಿ ಬಾಗಿಲು ಹಾಕೋ ಹಾಗಿಲ್ಲ. ಆಮೇಲೆ ಹಾಕಬಹುದು. ಹಾಕ್ತಾರೆ."

ಅವಳ ಕೈ ತಾನಾಗಿ ಎದೆಗೆ ಹೋಯಿತು. ಆತ ನೋಡಿದ.

ಆಮೇಲೆ ಮಾತು ವಿಮೆಯಿಂದ ಎಲ್ಲೆಲ್ಲೋ ಹೋಯಿತು. ಆತನ ಹೆಂಡತಿ ತೀರಿ ಎಷ್ಟೋ ವರ್ಷ. ಭಾನುವಾರ ಆತ ಸಾರ್ಡೀನ್ ಮೀನನ್ನು ಡಬ್ಬಿಯಿಂದಲೇ ತಿನ್ನುತ್ತಾನಂತೆ, ಸಿಂಕಿನ ಮುಂದೆ ನಿಂತು. ಅವಳೂ ಹಾಗೇ, ಬ್ರೆಡ್ಡು ಮಾತ್ರ. ಇಬ್ಬರಿಗೂ ನಗು ಬಂತು.

ಹೊರಡುವ ಮುನ್ನ ಬೂಟಿನ ದಾರ ಕಟ್ಟುತ್ತಾ ಆತ ಕೇಳಿದ.

"ಒಂದೇ ಮನೆಯಲ್ಲಿ ಇಬ್ಬರಿದ್ದರೆ ಕಂಪನಿ ರಿಯಾಯಿತಿ ಕೊಡುತ್ತೆ. ನಿಮ್ಮ ಮನೆಯಲ್ಲಿ... ಬೇರೆ ಯಾರಾದರೂ ಇದ್ದಾರಾ?"

ಕಿವಿ ಮತ್ತೆ ಕೆಂಪು!

"ಇಲ್ಲ," ಎಂದಳು ಮಾರ್ಲಿಸ್. ಆ ಸಂಜೆಯೆಲ್ಲ ಅವಳಿಗೆ ಬ್ರೆಡ್ಡು ಸೇರಲಿಲ್ಲ. ಬೇರೆ ಯಾರಾದರೂ ಇದ್ದಾರಾ... ಅದನ್ನು ಹಾಗೆ ಕೇಳುತ್ತಾರಾ ಯಾರಾದರೂ?

ಕೇಳುತ್ತಾರಂತೆ. ಕೆಫೆಯಲ್ಲಿ ಕೊರಿನ್ ಹೇಳಿದಳು.

"ಚರ್ಚಿನ ಅಡುಗೆಮನೆಯ ಆರ್ಡಿಸ್‌ಗೂ ಹಾಗೇ ಕೇಳಿದ್ದಾನೆ. ಅಂಚೆಕಚೇರಿಯ ಡೋರೀನ್‌ಗೂ. ಇದೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಊರಿನ ವಿಧವೆಯರಿಗೆಲ್ಲ ಒಂದೇ ಗಾಳ ಕಣೇ. ನೀನೂ ಕಚ್ಚಿದೆಯಾ?"

"ನಾನ್ಯಾಕೆ ಕಚ್ಚಲಿ?"

"ಮತ್ತೆ ಮುಖ ಯಾಕೆ ಹಾಗಾಯ್ತು?"

ಮನೆಗೆ ಬಂದವಳೇ ಮಾರ್ಲಿಸ್ ಫೋನ್ ಮಾಡಿದಳು. ಧ್ವನಿ ನಡುಗಬಾರದೆಂದು ಮಾತನ್ನು ಮೊಟಕು ಮಾಡಿದಳು.

"ಮಿಸ್ಟರ್ ಹೈನ್ಲೆ, ಇನ್ನು ನನಗೆ ಫೋನ್ ಮಾಡಬೇಡಿ. ನನ್ನ ಮನೆ ಬಾಗಿಲಿಗೂ ಬರಬೇಡಿ."

ಆ ಕಡೆ ಪೆನ್ನು ಕೆಳಗಿಟ್ಟ ಸದ್ದಾಯಿತು.

"ಆಗಲಿ. ಆದರೆ ಅಕ್ಟೋಬರ್..."

ಅವಳು ಇಟ್ಟುಬಿಟ್ಟಳು.

ಇಲ್ಲಿ ಅವಳೊಂದು ತಪ್ಪು ಮಾಡಿದಳು. ಈ ಸೀಮೆಯಲ್ಲಿ ಕೋಪ ಬಂದ ಹೆಂಗಸು 'ಬರಬೇಡಿ' ಎಂದರೆ ಬೇರೆ ಯಾವ ಗಂಡಸಾದರೂ ಎರಡು ದಿನ ಬಿಟ್ಟು, ಹಿಮ ಬಾಚುವ ಸಲಿಕೆ ಹಿಡಿದು, ಏನೂ ಆಗದವನಂತೆ ಬರುತ್ತಾನೆ. ಆದರೆ ವಿಮಾ ಏಜೆಂಟನಿಗೆ ಅದು ಕಾನೂನು. ಕರೆಯದೆ ಯಾರ ಬಾಗಿಲನ್ನೂ ತಟ್ಟುವಂತಿಲ್ಲ. ಬೇಡವೆಂದವರಿಗೆ ಫೋನ್ ಮಾಡುವಂತಿಲ್ಲ. ಹಾಟ್‌ಡಿಶ್ಶನ್ನೇ ಒಳಗಟ್ಟಿದ ರೂಬೆನ್ ಅದನ್ನು ಮೀರುವವನಲ್ಲ.

ಅವಳು ಕಾದಳು. ಕಾಯುತ್ತಿಲ್ಲ ಎಂದು ತನಗೇ ಹೇಳಿಕೊಂಡು ಕಾದಳು. ಬಾಗಿಲಲ್ಲಿ ಸದ್ದಾದರೆ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಪ್ರತಿ ಸಲವೂ ಕೊರಿನ್.

"ಸೋಮವಾರ ನನ್ನ ಪ್ಲಾನಿಗೇ ನಿನ್ನನ್ನೂ ಸೇರಿಸ್ತೀನಿ. ಸಾಕು ನಿನ್ನ ಯೋಚನೆ."

ಊರಿನಲ್ಲಿ ಪೂರಕ ವಿಮೆ ಮಾರುವ ಇನ್ನೊಬ್ಬನಿರಲಿಲ್ಲ. ಫಾರ್ಗೋ ನಗರದ ಏಜೆಂಟರಿಗೆ ಫೋನ್ ಮಾಡಬಹುದಿತ್ತು. ಎತ್ತಿದಳು, ಇಟ್ಟಳು. ಹಟಕ್ಕೆ ಅರವತ್ತೈದಾದರೂ ವಯಸ್ಸಾಗುವುದಿಲ್ಲ.

ಹೀಗೆ ಅಕ್ಟೋಬರಿನ ಕೊನೆಯ ದಿನ ಬಂದೇ ಬಂತು. ಶನಿವಾರ. ಚರ್ಚಿನಲ್ಲಿ ಲುಟೆಫಿಸ್ಕ್ ಊಟ.

ಲುಟೆಫಿಸ್ಕ್ ಎಂದರೆ ಕ್ಷಾರದಲ್ಲಿ ನೆನೆಸಿ ಬೇಯಿಸಿದ ಒಣಮೀನು. ತಟ್ಟೆಯಲ್ಲಿ ಲೋಳೆಯಂತೆ ನಡುಗುತ್ತದೆ. ನಾರ್ವೆಯಿಂದ ಬಂದವರ ಮೊಮ್ಮಕ್ಕಳು ಅದನ್ನು ಅಜ್ಜನ ಮೇಲಿನ ಗೌರವಕ್ಕೆ ತಿನ್ನುತ್ತಾರೆ. ಅಂಥ ಅಜ್ಜ ಇಲ್ಲದವರು ಹತ್ತಿರವೂ ಸುಳಿಯುವುದಿಲ್ಲ.

ಆದರೆ ಬಾಗಿಲಿನ ಪಕ್ಕದ ಮೇಜಿನ ಮುಂದೆ, ಜರ್ಮನ್ ವಂಶದ ಕ್ಯಾಥೊಲಿಕ್ ರೂಬೆನ್ ಹೈನ್ಲೆ ಮಧ್ಯಾಹ್ನದಿಂದ ಕೂತಿದ್ದ.

"ಮೂರನೇ ತಟ್ಟೆ," ಎಂದಳು ಆರ್ಡಿಸ್, ಪಾತ್ರೆ ತೊಳೆಯುತ್ತಾ. "ಬೆಣ್ಣೆ ಸುರಿದುಕೊಂಡು ಕಣ್ಣು ಮುಚ್ಚಿ ನುಂಗ್ತಾ ಇದ್ದಾನೆ. ಪಾಪ ಪರಿಹಾರ ಇರಬೇಕು."

ಮಾರ್ಲಿಸ್‌ಳ ಎದೆ ತಾಳ ತಪ್ಪಿತು. ಆತನನ್ನು ನೋಡಿದ್ದಕ್ಕೆ ಎಂದುಕೊಂಡಳು. ಆದರೆ ಅದು ನಿಲ್ಲಲಿಲ್ಲ... ಹಕ್ಕಿಯೊಂದು ಪಕ್ಕೆಲುಬಿನೊಳಗೆ ಸಿಕ್ಕಿಕೊಂಡಂತೆ ಬಡಿಯತೊಡಗಿತು. ಸಿಂಕಿನ ಅಂಚು ಹಿಡಿದು ನಿಂತಳು. ಕಿಟಕಿಯಾಚೆ ಬೆಳಕು ಕುಗ್ಗುತ್ತಿತ್ತು. ಇವತ್ತು ಮುಗಿದರೆ ಮುಗಿಯಿತು. ನಾಳೆಯಿಂದ ಈ ಬಡಿತವೊಂದೇ ಸಾಕು, ಎಲ್ಲ ಬಾಗಿಲೂ ಮುಚ್ಚಲು.

ಸೌಟು ಹಿಡಿದೇ ಅವನ ಮೇಜಿನ ಬಳಿ ಹೋದಳು.

"ನಿಮಗೆ ಇದು ಇಷ್ಟ ಇಲ್ಲ."

"ಇಲ್ಲ."

"ಮತ್ತೆ?"

"ಮನೆ ಬಾಗಿಲಿಗೆ ಬರಬೇಡಿ ಅಂದ್ರಿ. ಇದು ಚರ್ಚ್. ಟಿಕೆಟ್ ತಗೊಂಡವರು ಯಾರು ಬೇಕಾದ್ರೂ ಕೂರಬಹುದು. ನೀವಾಗಿ ಬಂದು ಮಾತಾಡಿಸಿದ್ರೆ ನಾನು ಉತ್ತರ ಕೊಡಬಹುದು." ಆತ ನೀರು ಕುಡಿದ. "ನೀವು ಸ್ವಲ್ಪ ಬೇಗ ಬರ್ತೀರಾ ಅನ್ಕೊಂಡಿದ್ದೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೋಪವನ್ನೇ ಮುಂದೆ ಮಾಡಿದಳು.

"ಮನೆಯಲ್ಲಿ ಯಾರಾದರೂ ಇದ್ದಾರಾ ಅಂತ ಎಲ್ಲರನ್ನೂ ಕೇಳ್ತೀರಂತೆ."

"ಎಲ್ಲರನ್ನೂ ಕೇಳ್ತೀನಿ. ಕೇಳಲೇಬೇಕು, ಇಲ್ಲಾಂದ್ರೆ ಅವರ ರಿಯಾಯಿತಿ ತಪ್ಪುತ್ತೆ." ಕಿವಿ ಕೆಂಪೇರಿತು. "ಉತ್ತರ ಏನು ಬರುತ್ತೋ ಅಂತ ಹೆದರಿದ್ದು ನಿಮ್ಮನ್ನ ಕೇಳಿದಾಗ ಮಾತ್ರ."

ಸೌಟು ಮೇಜಿಗೆ ತಾಗಿ ಸದ್ದಾಯಿತು. ಅವಳ ಮುಖ ಬಿಳಿಚಿಕೊಂಡಿದ್ದು ಆಗ ಆತನಿಗೆ ಕಂಡಿತು.

"ಮಾರ್ಲಿಸ್. ಏನಾಗ್ತಿದೆ?"

"ಎದೆ... ಬೇಸಿಗೆಯಿಂದ ಹೀಗೇ. ಪೇಪರ್ ತನ್ನಿ. ಮೊದಲು ಸಹಿ ಹಾಕ್ತೀನಿ. ನಾಳೆ ಆದ್ರೆ ಯಾರೂ ನನ್ನನ್ನ ತಗೊಳ್ಳಲ್ಲ."

"ಪೇಪರ್ ಹಾಳಾಗಲಿ, ಗಾಡಿ ಹತ್ತಿ."

"ಇವತ್ತೇ ಕೊನೇ ದಿನ, ರೂಬೆನ್."

"ಗೊತ್ತು. ಆ ದಿನಾನ ನಿಮಗಿಂತ ಹೆಚ್ಚು ಲೆಕ್ಕ ಹಾಕಿದವನು ನಾನು. ಹತ್ತಿ."

ಅಷ್ಟು ಹೊತ್ತೂ ಕಾನೂನು ಹಿಡಿದು ಕೂತಿದ್ದವನು ಆಸ್ಪತ್ರೆಯವರೆಗೆ ಒಂದೇ ಒಂದು ವೇಗದ ಮಿತಿಯನ್ನೂ ಲೆಕ್ಕಿಸಲಿಲ್ಲ. ಕಿಟಕಿಗೆ ಮೊದಲ ಹಿಮ ಬಡಿಯುತ್ತಿತ್ತು. ಆತನ ಬಲಗೈ ಅವಳ ಕೈಯ ಮೇಲಿತ್ತು, ಇನ್ನೂ ಬೆಣ್ಣೆಯ ಜಿಡ್ಡು ಆರದ ಕೈ. ಮಾರುವವನು ಹೀಗೆ ಹಿಡಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಆ ದಾರಿಯಲ್ಲಿ ಅವಳು ಯೋಚಿಸಿದ್ದು ಅಷ್ಟೇ.

ಎದೆಗೂ ಕೈಗೂ ತಂತಿಗಳನ್ನು ಅಂಟಿಸಿ, ಮದ್ದು ಕೊಟ್ಟ ಮೇಲೆ ಹಕ್ಕಿ ಮೆಲ್ಲಗೆ ರೆಕ್ಕೆ ಮಡಚಿತು. ಹೃದಯದ ಬಡಿತ ತಪ್ಪುವ ಕಾಯಿಲೆ, ಗುಣಪಡಿಸಬಹುದು, ಆದರೆ ದೊಡ್ಡ ತಜ್ಞರನ್ನು ನೋಡಬೇಕು ಎಂದಳು ಡಾಕ್ಟರ್. ಡಾಕ್ಟರ್ ಹೊರಗೆ ಹೋದಳು.

ರೂಬೆನ್ ಗೋಡೆಯ ಗಡಿಯಾರ ನೋಡಿದ. ಜೇಬಿನಿಂದ ಫೋನ್ ತೆಗೆದ, ಆದರೆ ಅವಳತ್ತ ಚಾಚಲಿಲ್ಲ.

"ಕೇಳಬಹುದಾ? ನೀವು ಬೇಡ ಅಂದಿದ್ದೀರಿ."

"ಈಗ ಕರೀತಾ ಇದೀನಲ್ಲ."

ಆತ ಫೋನಿನಲ್ಲಿ ಅರ್ಜಿ ತೆರೆದು ಒಂದೊಂದೇ ಸಾಲು ಓದಿದ. ಅವಳು ಕೇಳಿ, ಒಪ್ಪಿ, ತಂತಿ ಅಂಟಿದ ಕೈಯ ಬೆರಳಿನಿಂದಲೇ ಪರದೆಯ ಮೇಲೆ ಸಹಿ ಹಾಕಿದಳು. ಅಕ್ಷರಗಳು ಕೋಳಿ ಕೆದರಿದಂತಿದ್ದವು. ಅರ್ಜಿ ಹೋಯಿತು. ದಿನ ಇನ್ನೂ ಬಾಕಿ ಇತ್ತು.

ಆತ ಕುರ್ಚಿಗೆ ಒರಗಿದ. ಕಣ್ಣೊರೆಸಿಕೊಂಡದ್ದನ್ನು ಕನ್ನಡಕ ಒರೆಸಿಕೊಂಡಂತೆ ತೋರಿಸಲು ನೋಡಿದ.

"ಆ ರಿಯಾಯಿತಿ ಪ್ರಶ್ನೆ ಇನ್ನೊಂದು ಸಲ ಕೇಳಿ," ಎಂದಳು ಮಾರ್ಲಿಸ್.

"ನಿಮ್ಮ ಮನೆಯಲ್ಲಿ... ಬೇರೆ ಯಾರಾದರೂ ಇದ್ದಾರಾ?"

"ಇನ್ನೂ ಇಲ್ಲ." ಅವಳು ಅವನ ಕೈಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಮುಂದಿನ ಭಾನುವಾರ ಬನ್ನಿ. ಹಾಟ್‌ಡಿಶ್ ಮಾಡ್ತೀನಿ."

"ಅದು ಊಟ, ಮಾರ್ಲಿಸ್."

"ವ್ಯವಹಾರ ಮುಗೀತಲ್ಲ."

ಆತ ಮನಸ್ಸಿನಲ್ಲೇ ನಿಯಮಗಳನ್ನೆಲ್ಲ ತಿರುವಿಹಾಕಿದ. ಕಾನೂನಿನಲ್ಲಿ ಏನೂ ಅಡ್ಡಿ ಸಿಗಲಿಲ್ಲವೆಂದು ಕಾಣುತ್ತದೆ.

"ಎಷ್ಟು ಹೊತ್ತಿಗೆ ಬರಲಿ?"

"ಬೇಗ ಬನ್ನಿ," ಎಂದಳು. "ಬಾಗಿಲು ತಟ್ಟಬೇಡಿ. ತೆಗೆದೇ ಇಟ್ಟಿರ್ತೀನಿ."