ಹಾಲು ಬಳಿದ ಹಾಳೆ

ಟಾಸ್ಮೇನಿಯಾದ ನಮ್ಮೂರ ಮ್ಯೂಸಿಯಮ್ಮಿನಲ್ಲಿ ಹಳೆಯ ಕಾಗದಗಳನ್ನು ನೋಡಿಕೊಳ್ಳುವವಳು ನಾನು. ದೆವ್ವಗಿವ್ವ ನಂಬುವವಳಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ನೂರೆಪ್ಪತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಿಂದ ಇಲ್ಲಿಗೆ ಬಂದ ಲೆಟಿಷಿಯಾ ಟ್ರೆವೆನ್ ಎಂಬಾಕೆ ಹವ್ಯಾಸಕ್ಕೆಂದು ಪೆನ್ಸಿಲ್ ಚಿತ್ರ ಬರೆಯುತ್ತಿದ್ದಳು. ಗೆರೆ ಅಳಿಸಿಹೋಗದಿರಲೆಂದು ಅವುಗಳ ಮೇಲೆ ಕೆನೆ ತೆಗೆದ ಹಾಲು ಬಳಿದು ಒಣಗಿಸುತ್ತಿದ್ದಳು. ಕೊನೆಯದು, ಜ್ವರದಲ್ಲಿ ತೀರಿಕೊಂಡ ಅವಳ ಮಗುವಿನ ಮುಖ. ಅದಕ್ಕೆ ಹಾಲು ಬಳಿಯುವ ಮೊದಲೇ ಅದೇ ಜ್ವರ ಅವಳನ್ನೂ ಕೊಂಡೊಯ್ದಿತು.

ಒಂದು ದಿನ ಬೆಳಿಗ್ಗೆ, ಈಗ ನಮ್ಮ ಮ್ಯೂಸಿಯಮ್ಮಿನಲ್ಲಿರುವ ಆ ಹಾಳೆಯನ್ನು ಅಜಾಗರೂಕತೆಯಿಂದ ಮುಟ್ಟಿಬಿಟ್ಟೆ. ಮಗುವಿನ ಕೆನ್ನೆಯ ಗೆರೆ ಕದಡಿ, ಅಲ್ಲಿ ನನ್ನ ಹೆಬ್ಬೆರಳಿನ ಗುರುತು ಮೂಡಿತು. ಆಮೇಲೆ ರಬ್ಬರಿನಿಂದ ಮೆಲ್ಲಗೆ ತೆಗೆದರಾಯಿತೆಂದು ಹಾಳೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಚಹಾಕ್ಕೆ ಹೋದೆ.

"ಈಗಷ್ಟೇ ತಂದಿಟ್ಟ ಹಾಲು ಎಲ್ಲೋಯ್ತೇ? ಕದ್ದು ಬೆಕ್ಕು ಸಾಕ್ತಿದ್ದೀಯಾ?" ಜೊತೆಗೆ ಕೆಲಸ ಮಾಡುವ ಡಾಟ್ ಖಾಲಿ ಬಾಟಲಿ ಅಲ್ಲಾಡಿಸಿದಳು.

"ನಾನು ಬರೀ ಕಪ್ಪು ಚಹಾ ಕುಡಿಯೋಳು ಕಣೇ, ನನ್ನನ್ನ್ಯಾಕೆ ಕೇಳ್ತೀಯ?"

ವಾಪಸು ಬಂದು ಬೀಗ ತೆಗೆದೆ. ಹಸಿಹಾಲಿನ ವಾಸನೆ. ಹಾಳೆ ಒದ್ದೆಯಾಗಿ ತಣ್ಣಗಿತ್ತು.

ಅದು ಒಣಗಿದ ಮೇಲೆ ನನ್ನ ಗುರುತಿನ ಅಂಚಿಗೆ ರಬ್ಬರು ತಾಗಿಸಿದೆ. ಏನೂ ಅಳಿಯಲಿಲ್ಲ. ಆ ಮಗುವಿನ ಕೆನ್ನೆಯ ಮೇಲೆ ನನ್ನ ಹೆಬ್ಬೆರಳು ಇವತ್ತಿಗೂ ಹಾಗೇ ಇದೆ.